ತೆಂಗಿನೆಣ್ಣೆಯಲ್ಲಿ ಬಲ್ಗೇರಿಯ

ಗಲ್ಫಿನಲ್ಲಿ ದುಡಿದವರಿಗೆಲ್ಲ ಗೊತ್ತಿರುವ ಸಂಗತಿ ಒಂದಿದೆ. ವೀಸಾದಲ್ಲಿ ಬರೆದ ಕೆಲಸ ಒಂದು, ಮಾಡಬೇಕಾಗಿ ಬರುವ ಕೆಲಸ ಇನ್ನೊಂದು. ನಾನು ದೋಹಾಕ್ಕೆ ಹೋದದ್ದು ಆಫೀಸ್ ಕ್ಲರ್ಕ್ ಆಗಿ. ಹೋದ ಮೇಲೆ ಸೈಟಿನಲ್ಲಿ ಮರಳು ಜರಡಿ ಹಿಡಿದೆ, ಮ್ಯಾನೇಜರರ ಬೆಕ್ಕನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಒಮ್ಮೆ ಯಾರದೋ ಮದುವೆಯ ಫೋಟೋ ತೆಗೆಯಲು ನಿಂತು ಎಲ್ಲರ ತಲೆ ಕತ್ತರಿಸಿದೆ. ಇಂಥವು ನನಗೆ ಆಗುತ್ತಲೇ ಇರುತ್ತವೆ. ಕಾರಣ ನನ್ನ ಬಾಯಿ. "ಇದು ನಿನ್ನಿಂದ ಆಗ್ತದಾ?" ಎಂದು ಯಾರಾದರೂ ಕೇಳಿದರೆ ಬುದ್ಧಿ ಎಚ್ಚರಗೊಳ್ಳುವ ಮೊದಲೇ ಬಾಯಿ "ಆಗ್ತದೆ ಸರ್" ಎಂದುಬಿಡುತ್ತದೆ. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಈ ಬಾಯಿ ನನ್ನ ಸಂಸಾರವನ್ನೇ ಪಣಕ್ಕಿಟ್ಟಿತು. ಅದನ್ನೇ ಇಲ್ಲಿ ಹೇಳುತ್ತೇನೆ.

ಟ್ರೇಯ ತಳದ ಕಾಗದ

ನಮ್ಮದು ಕಟ್ಟಡದ ಕೆಲಸಗಳನ್ನು ಪರೀಕ್ಷಿಸುವ ಆಫೀಸು. ಕಂಟ್ರಾಕ್ಟರು ಟೈಲ್ಸಿನ ಸ್ಯಾಂಪಲ್ಲು, ನಕ್ಷೆ, ಬಣ್ಣದ ಡಬ್ಬ ಎಲ್ಲ ಕಳಿಸುತ್ತಿದ್ದ. ನಮ್ಮ ಎಂಜಿನಿಯರು ನೋಡಿ ಅದರ ಮೇಲೆ ಒಂದು ಅಕ್ಷರ ಬರೆಯುತ್ತಿದ್ದರು. ಎ ಎಂದರೆ ಒಪ್ಪಿಗೆ, ಕೆಲಸ ಮುಗಿಯಿತು. ಬಿ ಎಂದರೆ ಸಣ್ಣ ತಿದ್ದುಪಡಿಯೊಂದಿಗೆ ಒಪ್ಪಿಗೆ. ಸಿ ಎಂದರೆ ತಿದ್ದಿ ಮತ್ತೆ ತನ್ನಿ. ಡಿ ಎಂದರೆ ಎತ್ತಿಕೊಂಡು ಹೋಗಿ. ಆ ಕಾಗದಗಳಿಗೆ ನಂಬರು ಹಾಕಿ, ಪ್ರತಿಯೊಂದಕ್ಕೂ ಮೂರು ಕಾಪಿ ತೆಗೆದು ಫೈಲ್ ಮಾಡುವುದು ನನ್ನ ಕೆಲಸ.

ಎಂಜಿನಿಯರು ಬಲ್ಗೇರಿಯದವರು. ಅರವತ್ತರ ಹತ್ತಿರದ ವಯಸ್ಸು, ಕಿವಿಯ ಮೇಲೆ ಕೆಂಪು ಪೆನ್ಸಿಲ್, ಶರ್ಟಿನ ಜೇಬಿನಲ್ಲಿ ಕಾಂಕ್ರೀಟಿನ ಬಿಸಿ ಅಳೆಯುವ ಥರ್ಮಾಮೀಟರ್. ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಅವರು ನಗುವುದನ್ನು ನಾನು ನೋಡಿರಲಿಲ್ಲ. ಆ ಪೆನ್ಸಿಲಿನಿಂದ ಎ ಬರೆದದ್ದನ್ನೂ ನೋಡಿರಲಿಲ್ಲ.

ಅವರ ಟ್ರೇಯಲ್ಲಿ ನನ್ನದೂ ಒಂದು ಕಾಗದವಿತ್ತು. ನನ್ನ ಹೆಂಡತಿ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ದೋಹಾಕ್ಕೆ ಬಂದಿದ್ದಳು. ಅದನ್ನು ಫ್ಯಾಮಿಲಿ ವೀಸಾ ಮಾಡಿಸಬೇಕಾದರೆ ಕಂಪನಿಯ ಪತ್ರ ಬೇಕು, ಕಂಪನಿಯ ಪತ್ರ ಬೇಕಾದರೆ ಸಾಹೇಬರ ಶಿಫಾರಸು ಬೇಕು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಅದರಲ್ಲಿ ನಾವಿಬ್ಬರೂ ಒಂದೇ ಸೂರಿನಡಿ ಇದ್ದದ್ದು ನನ್ನ ರಜೆಗಳನ್ನೆಲ್ಲ ಕೂಡಿಸಿದರೂ ಐದು ತಿಂಗಳಾಗುತ್ತಿರಲಿಲ್ಲ. ಅವಳು ಬಂದ ಮೇಲೆ ಅಲ್ ಮುಂತಜಾದ ನಮ್ಮ ಹಳೇ ಫ್ಲಾಟಿನಲ್ಲಿ ಮೊದಲ ಸಲ ಪರದೆ ಬಂತು, ಬಾಲ್ಕನಿಯಲ್ಲಿ ಹಾಲಿನ ಪುಡಿಯ ಡಬ್ಬದಲ್ಲಿ ಗಿಡ ಬಂತು. ಇನ್ನು ಅವಳನ್ನು ಏರ್‌ಪೋರ್ಟಿಗೆ ಬಿಟ್ಟು ಆ ಮನೆಗೆ ಒಬ್ಬನೇ ಬರುವುದು ನನ್ನಿಂದ ಆಗದು ಅನ್ನಿಸಿಬಿಟ್ಟಿತ್ತು.

ಸಾಹೇಬರು ಹೌದು ಎನ್ನಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ. ಹಿಂದೆ ಒಬ್ಬ ಡ್ರಾಫ್ಟ್ಸ್‌ಮನ್‌ಗೆ ಶಿಫಾರಸು ಕೊಟ್ಟಿದ್ದರಂತೆ, ಅವನ ಹೆಂಡತಿ ಬಂದ ತಿಂಗಳಲ್ಲೇ ಅವನು ಬರೆದ ಮಹಡಿ ಮೆಟ್ಟಿಲಿನಲ್ಲಿ ಒಂದು ಮೆಟ್ಟಿಲು ಕಡಿಮೆಯಾಯಿತಂತೆ. ಬೆಳಿಗ್ಗೆ ಟ್ರೇ ಜೋಡಿಸುವವನು ನಾನೇ, ಆದ್ದರಿಂದ ನನ್ನ ಕಾಗದವನ್ನು ದಿನಾ ಮೇಲಕ್ಕೆ ಇಡುತ್ತಿದ್ದೆ. ಸಂಜೆ ನೋಡಿದರೆ ಅದು ತಳ ಸೇರಿರುತ್ತಿತ್ತು. ಹೀಗೆ ಎರಡೂವರೆ ತಿಂಗಳು ಕಳೆಯಿತು.

ಒಂದು ಮಧ್ಯಾಹ್ನ ಸಾಹೇಬರು ಊಟಕ್ಕೆ ಬಿಳಿ ಬೀನ್ಸಿನ ಟಿನ್ ಒಡೆದರು. ಅದನ್ನು ನಲ್ಲಿಯಲ್ಲಿ ತೊಳೆದು, ಈರುಳ್ಳಿ ಹೆಚ್ಚಿ ಹಾಕಿ, ವಿನೇಗರ್ ಸುರಿದು, ಒಂದು ಚಮಚ ತಿಂದು ದೂರ ತಳ್ಳಿದರು. ಏನಾಯಿತು ಸರ್ ಅಂದೆ. ಇದು ನಮ್ಮ ಊರಿನ ಸಲಾಡು, ನನ್ನ ತಾಯಿ ಮಾಡುತ್ತಿದ್ದಳು, ಟಿನ್ನಿನ ಬೀನ್ಸಿನಲ್ಲಿ ಅದು ಬರುವುದಿಲ್ಲ ಅಂದರು. ಅಲ್ಲಿಗೆ ಸುಮ್ಮನಿದ್ದರೆ ಮುಗಿಯುತ್ತಿತ್ತು. ಬಾಯಿ ಕೇಳಬೇಕಲ್ಲ. ನನ್ನ ಹೆಂಡತಿ ಇದನ್ನು ತುಂಬ ಚೆನ್ನಾಗಿ ಮಾಡುತ್ತಾಳೆ ಸರ್ ಎಂದಿತು.

ಬಲ್ಗೇರಿಯದ ಸಲಾಡು ನಿನ್ನ ಹೆಂಡತಿಗೆ ಹೇಗೆ ಗೊತ್ತು ಎಂದು ಅವರು ಕೇಳಿದರು. ನಮ್ಮ ಊರಿನಲ್ಲೂ ಮಾಡುತ್ತಾರೆ ಸರ್ ಅಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಬರುವ ಶುಕ್ರವಾರ ಒಂದು ಗಂಟೆಗೆ ಮನೆಗೆ ಬರುತ್ತೇನೆ ಎಂದರು.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಮೀನು ಶುಚಿ ಮಾಡುತ್ತಿದ್ದವಳು ಕತ್ತಿ ಕೆಳಗಿಟ್ಟಳು. ಬಲ್ಗೇರಿಯ ಎಲ್ಲುಂಟು ಎಂದು ಕೇಳಿದಳು. ನನಗೂ ಸರಿಯಾಗಿ ಗೊತ್ತಿಲ್ಲ ಅಂದೆ. ನಮ್ಮ ಊರಲ್ಲಿ ಯಾರು ಮಾಡ್ತಾರೆ ಅದನ್ನು ಎಂದಳು. ಯಾರೂ ಮಾಡುವುದಿಲ್ಲ ಅಂದೆ. ಅವಳು ಮೀನು ಮಗುಚಿ ಹಾಕಿ ಕೇಳಿದಳು.

"ಅವರು ಪೇಪರಿಗೆ ಸೈನ್ ಹಾಕುವ ಜನವಾ?"

"ಅವರೇ."

"ಹಾಗಾದ್ರೆ ನಮ್ಮ ಊರಲ್ಲಿ ಮಾಡ್ತಾರೆ ಮಾರಾಯ್ರೆ" ಎಂದು ಹೇಳಿ ಮತ್ತೆ ಕತ್ತಿ ಎತ್ತಿಕೊಂಡಳು.

ಎಲೆಯ ನಕ್ಷೆ

ಮರುದಿನ ಸಾಹೇಬರ ಮುಂದೆ ನೋಟ್‌ಪುಸ್ತಕ ಹಿಡಿದು ನಿಂತೆ. ನಮ್ಮ ಕಡೆ ಒಂದೊಂದು ಮನೆಯಲ್ಲಿ ಒಂದೊಂದು ಕ್ರಮ ಸರ್, ನಿಮ್ಮ ಮನೆಯ ಕ್ರಮ ಹೇಳಿದರೆ ಹಾಗೇ ಮಾಡಿಸುತ್ತೇನೆ ಎಂದೆ. ಅವರಿಗೆ ಈ ಮಾತು ಹಿಡಿಸಿತು, ಕಂಟ್ರಾಕ್ಟರು ಕೂಡ ಹೀಗೆ ಮೊದಲೇ ಕೇಳಿಕೊಂಡರೆ ಎಷ್ಟು ಒಳ್ಳೆಯದು ಅಂದರು. ಬಿಳಿ ಬೀನ್ಸ್ ಬೇಯಬೇಕು, ಸಿಪ್ಪೆ ಬಿಡಬಾರದು. ಈರುಳ್ಳಿ, ವಿನೇಗರ್, ಉಪ್ಪು. ಮನೆಯಲ್ಲಿ ಯಾವಾಗಲೂ ಬಳಸುವ ಎಣ್ಣೆ. ರಾತ್ರಿ ಇಡೀ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಬಡಿಸಬೇಕು. ಇಷ್ಟೇ. ಆಮೇಲೆ ಒಂದು ಸೊಪ್ಪು.

ಆ ಸೊಪ್ಪಿನ ಹೆಸರನ್ನು ಅವರು ತಮ್ಮ ಭಾಷೆಯಲ್ಲಿ ಹೇಳಿದರು. ನನ್ನ ನಾಲಿಗೆಗೆ ಅದು ಹತ್ತಲಿಲ್ಲ. ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದರೆ ಅವರಿಗೂ ಗೊತ್ತಿಲ್ಲ. ಕೊನೆಗೆ ಟ್ರೇಸಿಂಗ್ ಹಾಳೆ ಎಳೆದು ಬರೆದೇ ಕೊಟ್ಟರು. ಮೇಲಿನಿಂದ ನೋಡಿದರೆ ಎಲೆ, ಪಕ್ಕದಿಂದ ನೋಡಿದರೆ ಎಲೆ, ಅಂಚಿನ ಹಲ್ಲುಗಳ ನಡುವಿನ ಅಂತರ ಎಷ್ಟು, ತೊಟ್ಟಿನ ದಪ್ಪ ಎಷ್ಟು, ಎಲ್ಲ ಮಿಲಿಮೀಟರಿನಲ್ಲಿ. ಕೆಳಗೆ ಬಲಮೂಲೆಯಲ್ಲಿ ಚೌಕ ಹಾಕಿ ಸಹಿಯನ್ನೂ ಮಾಡಿದರು. ನನ್ನ ಕಾಗದಕ್ಕೆ ಎರಡೂವರೆ ತಿಂಗಳಿಂದ ಬೀಳದ ಸಹಿ ಒಂದು ಸೊಪ್ಪಿಗೆ ಎರಡು ನಿಮಿಷದಲ್ಲಿ ಬಿತ್ತು.

ನಕ್ಷೆ ಹಿಡಿದು ನಮ್ಮ ಬೀದಿಯ ಅಂಗಡಿಗೆ ಹೋದೆ. ಅಂಗಡಿಯವರು ಉಪ್ಪಿನಂಗಡಿ ಕಡೆಯ ಬ್ಯಾರಿ, ದೋಹಾದಲ್ಲಿ ಇಪ್ಪತ್ತು ವರ್ಷ ಪಳಗಿದವರು. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಪೊರ್ಬುಗಳೇ, ಇದು ಸೊಪ್ಪಾ, ಬಿಲ್ಡಿಂಗಾ?" ನಮ್ಮ ಕೊಂಕಣಿ ಕ್ರಿಶ್ಚಿಯನ್ನರನ್ನು ಊರ ಕಡೆ ಪೊರ್ಬು ಎಂದೇ ಕರೆಯುವುದು.

ಸೊಪ್ಪೇ, ನನ್ನ ಹೆಂಡತಿಯ ವೀಸಾ ಇದರ ಮೇಲೆ ನಿಂತಿದೆ ಎಂದೆ. ವೀಸಾ ಎಂದದ್ದೇ ತಡ, ಅವರ ಮುಖ ಗಂಭೀರವಾಯಿತು. ಒಳಗೆ ಹೋಗಿ ಇದ್ದಬದ್ದ ಸೊಪ್ಪೆಲ್ಲ ತಂದು ಕೌಂಟರಿನ ಮೇಲೆ ಹರಡಿದರು. ಮೆಂತೆ, ಕೊತ್ತಂಬರಿ, ಪುದೀನ, ಅರಬರು ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಸೊಪ್ಪುಗಳು. ಆಮೇಲೆ ಬಟ್ಟೆ ಅಳೆಯುವ ಟೇಪ್ ತಂದರು. ಒಂದೊಂದೇ ಎಲೆ ಇಟ್ಟು ಇಬ್ಬರೂ ಅಳೆಯತೊಡಗಿದೆವು. ನಕ್ಷೆಯ ಎಲೆ ಹನ್ನೆರಡು ಸೆಂಟಿಮೀಟರು, ನಮ್ಮ ಯಾವ ಎಲೆಯೂ ಅದರ ಅರ್ಧಕ್ಕಿಂತ ಮೇಲೆ ಹೋಗಲಿಲ್ಲ. ಹಿಂದೆ ಗಿರಾಕಿಗಳು ಸಾಲು ನಿಂತರು. ಬ್ಯಾರಿ ಯಾರಿಗೂ ಸಾಮಾನು ಕೊಡಲಿಲ್ಲ, ಇವರ ಸಂಸಾರದ ವಿಷಯ ಉಂಟು, ಸ್ವಲ್ಪ ನಿಲ್ಲಿ ಎಂದು ಎಲ್ಲರಿಗೂ ಅವರವರ ಭಾಷೆಯಲ್ಲಿ ಹೇಳಿದರು.

ಮುಕ್ಕಾಲು ಗಂಟೆಯ ನಂತರ, ಅಳತೆಗೆ ಹತ್ತಿರ ಬರುವುದು ಇದೊಂದೇ ಎಂದು ಬ್ಯಾರಿ ಒಳಗಿನಿಂದ ಹುಡುಕಿ ತಂದ ಪಾಲಕ್ ಸೊಪ್ಪು ಹಿಡಿದು ಮನೆಗೆ ಬಂದೆ. ಹೆಂಡತಿ ಪಾತ್ರೆ ತೊಳೆಯುತ್ತಾ ಕತ್ತು ತಿರುಗಿಸಿ ಹಾಳೆ ನೋಡಿದಳು. ಇದು ಪುದೀನ ಅಲ್ವಾ, ಬಾಲ್ಕನಿಯ ಡಬ್ಬದಲ್ಲೇ ಉಂಟಲ್ಲ ಎಂದಳು. ಪುದೀನ ಇಷ್ಟು ದೊಡ್ಡದಿರುತ್ತದಾ ಎಂದು ನಾನು ಕೂಗಾಡಿದೆ. ಅವಳು ಒದ್ದೆ ಬೆರಳಿನಿಂದ ಹಾಳೆಯ ಮೂಲೆ ತೋರಿಸಿದಳು. ಅಲ್ಲಿ ಸಣ್ಣ ಅಕ್ಷರದಲ್ಲಿ, ಎರಡು ಪಟ್ಟು ದೊಡ್ಡದು ಮಾಡಿ ಬರೆದಿದೆ ಎಂದಿತ್ತು. ದಿನಕ್ಕೆ ನೂರು ನಕ್ಷೆ ಫೈಲ್ ಮಾಡುವ ನಾನು ಅದನ್ನು ನೋಡಿರಲಿಲ್ಲ.

ಅವಳು ಕೈ ಒರೆಸಿಕೊಂಡು, "ಡ್ರಾಫ್ಟ್ಸ್‌ಮನ್‌ಗೆ ಒಂದು ಮೆಟ್ಟಿಲು ಕಡಿಮೆಯಾದದ್ದು ಹೆಂಡತಿ ಬಂದ ಮೇಲೆ ಅಂತ ಸಾಹೇಬರು ಹೇಳಿದ್ದು ಸರಿಯೇ ಇರಬೇಕು" ಎಂದಳು.

ಕೈಯ ತಪ್ಪು

ಸೋಮವಾರ ಮೊದಲ ಪ್ರಯೋಗ. ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿದ್ದಕ್ಕೆ ಬೀನ್ಸೆಲ್ಲ ಗಂಜಿಯಾಯಿತು. ಮಂಗಳವಾರ ಕುಕ್ಕರ್ ಬಿಟ್ಟು ತೆರೆದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿದಳು. ಈ ಸಲ ಮುತ್ತಿನಂಥ ಬೀನ್ಸು, ಒಂದರ ಸಿಪ್ಪೆಯೂ ಬಿಟ್ಟಿರಲಿಲ್ಲ. ಈರುಳ್ಳಿ, ವಿನೇಗರ್, ಉಪ್ಪು, ಪುದೀನ ಹಾಕಿ ಬೆರೆಸಿದಳು. ರುಚಿ ನೋಡಿ ಮುಖ ಸಣ್ಣ ಮಾಡಿ, ಇದು ಸಪ್ಪೆ, ಕಾಯಿಲೆಯವರಿಗೆ ಕೊಡುವ ಹಾಗೆ ಉಂಟು ಎಂದಳು. ಅದು ಹಾಗೇ ಇರಬೇಕು, ಏನೂ ಹಾಕಬೇಡ ಎಂದು ಎರಡು ಸಲ ಹೇಳಿ ನಾನು ಸ್ನಾನಕ್ಕೆ ಹೋದೆ.

ಸ್ನಾನದ ಮನೆಯ ಬಾಗಿಲ ಸಂದಿಯಿಂದಲೇ ಪರಿಮಳ ಬಂತು. ಬೆಳ್ಳುಳ್ಳಿ, ಸಾಸಿವೆ, ಬ್ಯಾಡಗಿ ಮೆಣಸು, ಕರಿಬೇವು. ಟವೆಲ್ಲಿನಲ್ಲೇ ಓಡಿ ಬಂದೆ. ಒಗ್ಗರಣೆ ಬಿದ್ದಾಗಿತ್ತು. ಅವಳು ಸೌಟು ಹಿಡಿದು ಒಲೆಯ ಮುಂದೆ ಬೆಪ್ಪಾಗಿ ನಿಂತಿದ್ದಳು.

"ನಾನು ಹಾಕಬೇಕು ಅಂತ ಹಾಕಿದ್ದಲ್ಲ. ಬೇಯಿಸಿದ್ದು ಕಂಡ ಕೂಡಲೇ ಕೈ ಹಾಕಿಬಿಟ್ಟಿತು."

ನನಗೆ ಸಿಟ್ಟು ಬಂತು. ಸಾಹೇಬರ ಮುಂದೆ ಇದನ್ನಿಟ್ಟರೆ ಡಿ ಬರೆದು ನಮ್ಮಿಬ್ಬರನ್ನೂ ಊರಿಗೆ ಕಳಿಸುತ್ತಾರೆ ಎಂದೆ. ಇದರಲ್ಲಿ ಬಲ್ಗೇರಿಯ ಎಲ್ಲಿದೆ ಹೇಳು ಎಂದೆ. ಬೀನ್ಸ್ ಉಂಟಲ್ಲ ಎಂದಳು. ಅಷ್ಟು ಹೇಳಿ ಸೌಟು ಕೆಳಗಿಟ್ಟು, ಗೋಡೆ ನೋಡುತ್ತಾ, ವೀಸಾ ಇನ್ನು ಹನ್ನೆರಡು ದಿನ, ಸೈನ್ ಆಗದಿದ್ರೆ ನಿಮ್ಮ ರಜೆಗೆ ಮತ್ತೆ ಎರಡು ವರ್ಷ ಅಲ್ವಾ ಎಂದು ಮೆಲ್ಲಗೆ ಕೇಳಿದಳು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಟವೆಲ್ಲಿನಲ್ಲಿ ನಿಂತವನು ಹೆಂಡತಿಗೆ ಧೈರ್ಯ ಹೇಳುವುದು ಕಷ್ಟ, ಆದರೂ ಹೇಳಿದೆ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಮೇಲಿನ ಮಹಡಿಯ ಕುಂದಾಪುರದ ಅಕ್ಕ ಪರಿಮಳ ಹಿಡಿದು ಇಳಿದು ಬಂದಿದ್ದರು. ಒಂದು ತಟ್ಟೆ ತಿಂದರು, ಇನ್ನೊಂದು ತಟ್ಟೆ ಹಾಕಿಸಿಕೊಂಡರು. ಇದು ಎಂತದು ಎಂದು ಕೇಳಿದಾಗ ನನ್ನ ಹೆಂಡತಿ ಏನೂ ತೋಚದೆ, ಬಲ್ಗೇರಿಯದ್ದು ಎಂದಳು.

ಅಕ್ಕ ಬೆರಳು ನೆಕ್ಕುತ್ತಾ, "ಪಾಪ, ಅವರೂ ನಮ್ಮ ಹಾಗೇ ಬಾಯಿರುಚಿ ಇದ್ದವರು" ಎಂದರು.

ಎಸಿಗೂ ಬಾಲ್ಕನಿಗೂ ನಡುವೆ

ಗುರುವಾರ ಸಂಜೆ ಕೊನೆಯ ಸಲಾಡು ತಯಾರಾಯಿತು. ಹೆಂಡತಿಯ ಕೈ ತಪ್ಪದಿರಲಿ ಎಂದು ನಾನು ಸಾಸಿವೆ ಡಬ್ಬ ತೆಗೆದು ಆಫೀಸ್ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಬೀನ್ಸು ಸರಿಯಾಗಿ ಬೆಂದಿತ್ತು. ಉಪ್ಪು, ಹುಳಿ, ಪುದೀನ, ಎಲ್ಲ ಸಾಹೇಬರು ಹೇಳಿದಂತೆಯೇ. ಮನೆಯಲ್ಲಿ ಯಾವಾಗಲೂ ಬಳಸುವ ಎಣ್ಣೆ ಎಂದು ನೋಟ್‌ಪುಸ್ತಕದಲ್ಲಿ ಬರೆದಿತ್ತು, ಅದನ್ನೇ ಹಾಕಿದಳು. ಗಾಜಿನ ಬೋಗುಣಿಗೆ ತುಂಬಿ, ಮುಚ್ಚಿ, ಫ್ರಿಜ್ಜಿನಲ್ಲಿಟ್ಟೆವು. ಎಷ್ಟೋ ದಿನಗಳ ನಂತರ ಇಬ್ಬರೂ ನೆಮ್ಮದಿಯಿಂದ ಮಲಗಿದೆವು.

ಶುಕ್ರವಾರ ಹನ್ನೊಂದು ಗಂಟೆಗೆ ಅವಳು ಫ್ರಿಜ್ ತೆರೆದವಳು ನನ್ನನ್ನು ಕರೆದಳು. ಕರೆದ ಧ್ವನಿಯಲ್ಲೇ ಏನೋ ಆಗಿದೆ ಎಂದು ತಿಳಿಯಿತು. ಬೋಗುಣಿಯನ್ನು ಬೋರಲು ಹಾಕಿ ಹಿಡಿದಿದ್ದಳು. ಒಂದು ಬೀನ್ಸೂ ಕೆಳಗೆ ಬೀಳಲಿಲ್ಲ. ಎಲ್ಲ ಸೇರಿ ಬಿಳಿ ಸಿಮೆಂಟಿನ ಹಾಗೆ ಗಟ್ಟಿಯಾಗಿ ಕೂತಿತ್ತು. ನಮ್ಮ ಮನೆಯಲ್ಲಿ ಯಾವಾಗಲೂ ಬಳಸುವ ಎಣ್ಣೆ ತೆಂಗಿನೆಣ್ಣೆ ತಾನೇ.

ಬೇರೆ ಬೀನ್ಸು ನೆನೆಹಾಕಿ ಬೇಯಿಸಲು ಸಮಯವಿರಲಿಲ್ಲ. ತೊಳೆದರೆ ಎಣ್ಣೆಯ ಜೊತೆ ಉಪ್ಪೂ ಹುಳಿಯೂ ಹೋಗುತ್ತದೆ. ಆಗ ಹೆಂಡತಿಗೆ ಬಾಲ್ಕನಿ ನೆನಪಾಯಿತು. ದೋಹಾದ ಜೂನ್ ತಿಂಗಳ ಬಿಸಿಲಿಗೆ ಕಬ್ಬಿಣವೇ ಮೆತ್ತಗಾಗುತ್ತದೆ, ತೆಂಗಿನೆಣ್ಣೆ ಯಾವ ಲೆಕ್ಕ. ಬೋಗುಣಿಯನ್ನು ಹೊರಗಿಟ್ಟು, ಧೂಳು ಬೀಳದಂತೆ ನಾನು ಅದರ ಮೇಲೆ ಕೊಡೆ ಹಿಡಿದೆ. ಕೊಡೆ ಹಿಡಿದರೆ ಬಿಸಿಲು ಎಲ್ಲಿಂದ ಬೀಳಬೇಕು ಎಂದು ಅವಳು ಬೈದಳು. ಕೊಡೆ ಮಡಚಿ ತೆಳ್ಳಗಿನ ಬಟ್ಟೆ ಮುಚ್ಚಿದೆ. ಐದು ನಿಮಿಷದಲ್ಲಿ ಎಣ್ಣೆ ನೀರಾಯಿತು. ಹತ್ತು ನಿಮಿಷದಲ್ಲಿ ಸಲಾಡು ಪಾಯಸದ ಹಾಗೆ ಬಿಸಿಯಾಯಿತು.

ಬಿಸಿ ಸಲಾಡು ಕೊಡುವ ಹಾಗಿಲ್ಲ. ಮತ್ತೆ ಫ್ರಿಜ್ಜಿಗೆ. ಅರ್ಧ ಗಂಟೆಯಲ್ಲಿ ಮತ್ತೆ ಸಿಮೆಂಟು. ಮತ್ತೆ ಬಾಲ್ಕನಿಗೆ. ತಣ್ಣಗಾದರೆ ಕಲ್ಲು, ಕರಗಿದರೆ ಪಾಯಸ, ನಡುವಿನ ದಾರಿ ಕಾಣಲಿಲ್ಲ. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಅವಳು ಜಪಮಾಲೆ ಹುಡುಕುತ್ತಿದ್ದಳು.

ಕೊನೆಗೆ ಎಸಿಯ ಮುಂದೆ ಸ್ಟೂಲ್ ಇಟ್ಟು, ಸ್ಟೂಲಿನ ಮೇಲೆ ಬೋಗುಣಿ ಇಟ್ಟೆವು. ಅವಳು ಚಮಚದಿಂದ ಕದಡುತ್ತಾ ಹದ ನೋಡುವುದು, ನಾನು ಎಸಿಯ ತಿರುಗಣೆ ಹಿಡಿದು ನಿಲ್ಲುವುದು. ಗಟ್ಟಿ ಆಗ್ತಾ ಉಂಟು ಎಂದರೆ ನಾನು ಕಡಿಮೆ ಮಾಡಬೇಕು, ಕರಗ್ತಾ ಉಂಟು ಎಂದರೆ ಹೆಚ್ಚು ಮಾಡಬೇಕು. ಕೆಳಗೆ ಕಾರು ನಿಂತ ಸದ್ದು ಕೇಳಿದಾಗ ಸಲಾಡು ಕಲ್ಲೂ ಅಲ್ಲ, ಪಾಯಸವೂ ಅಲ್ಲ ಎನ್ನುವ ಹದದಲ್ಲಿ ನಿಂತಿತ್ತು.

ನಮ್ಮಿಬ್ಬರ ಗತಿ ಮಾತ್ರ ಬೇರೆ. ಅವಳು ಚಳಿಗೆ ಸ್ವೆಟರ್ ಹಾಕಿಕೊಂಡಿದ್ದಳು, ನಾನು ಬಾಲ್ಕನಿಯ ಬಿಸಿಲಿನಲ್ಲಿ ಟೊಮೆಟೊ ಆಗಿದ್ದೆ. ಬಾಗಿಲು ತೆರೆದ ನಮ್ಮನ್ನು ಸಾಹೇಬರು ಮೇಲಿಂದ ಕೆಳಗೆ ನೋಡಿ, "ನೀವಿಬ್ಬರೂ ಒಂದೇ ಮನೆಯಲ್ಲಿ ಇದ್ದೀರಾ?" ಎಂದು ಕೇಳಿದರು.

ತಿದ್ದಿ ಮತ್ತೆ ತನ್ನಿ

ಸಾಹೇಬರು ಮೇಜಿನ ಮುಂದೆ ಕೂತರು. ಹೆಂಡತಿ ಬೋಗುಣಿ ತಂದಿಟ್ಟಳು. ಅವರು ಮೊದಲು ಬಗ್ಗಿ ಮೂಸಿದರು, ಹುಬ್ಬು ಮೇಲೆ ಹೋಯಿತು. ಆಮೇಲೆ ಅಭ್ಯಾಸಬಲದಿಂದ ಜೇಬಿನ ಥರ್ಮಾಮೀಟರ್ ತೆಗೆದು, ಕರ್ಚೀಫಿನಲ್ಲಿ ಒರೆಸಿ, ಸಲಾಡಿನ ನಡುವೆ ಚುಚ್ಚಿದರು. ನಾವಿಬ್ಬರೂ ಮುಳ್ಳನ್ನೇ ನೋಡಿದೆವು. ಅದು ಇಪ್ಪತ್ತಾರಕ್ಕೆ ಬಂದು ನಿಂತಿತು.

"ಕಾಂಕ್ರೀಟಿಗೆ ತುಂಬ ಒಳ್ಳೆಯದು" ಎಂದರು.

ತಿನ್ನಲು ಶುರು ಮಾಡಿದರು. ನಮ್ಮವರ ಹಾಗೆ ಗಬಗಬ ತಿನ್ನುವ ಜನ ಅಲ್ಲ. ಒಂದು ಚಮಚ ಬಾಯಿಗಿಟ್ಟು ಕಿಟಕಿ ನೋಡುವುದು, ಎರಡು ನಿಮಿಷ ಬಿಟ್ಟು ಇನ್ನೊಂದು ಚಮಚ. ಅಡುಗೆಮನೆಯಲ್ಲಿ ಕೋಳಿ ಸಾರು, ರೊಟ್ಟಿ, ಮೀನು ಫ್ರೈ, ಸಣ್ಣ ಎಂಬ ನಮ್ಮವರ ಇಡ್ಲಿ, ಎಲ್ಲ ಕಾಯುತ್ತಿದ್ದವು. ಹೆಂಡತಿ ತರಲಾ ಎಂದು ಕಣ್ಣಿನಲ್ಲೇ ಕೇಳಿದಳು, ನಾನು ಬೇಡ ಎಂದು ಕಣ್ಣಿನಲ್ಲೇ ಹೇಳಿದೆ. ಸಾಹೇಬರು ಚೆನ್ನಾಗಿದೆ ಅನ್ನಲಿಲ್ಲ, ಕೆಟ್ಟದಾಗಿದೆ ಅನ್ನಲಿಲ್ಲ. ಇಪ್ಪತ್ತು ನಿಮಿಷ ಹೀಗೇ ನಡೆಯಿತು. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ಇಪ್ಪತ್ತು ನಿಮಿಷ ಬೇರೆ ಇಲ್ಲ.

ತಟ್ಟೆ ಖಾಲಿಯಾಯಿತು. ಅವರು ಬ್ಯಾಗಿನಿಂದ ಆಫೀಸಿನ ಫಾರಂ ಒಂದನ್ನು ತೆಗೆದರು. ನನಗೆ ಗೊತ್ತಿರುವ ಫಾರಂ, ಟೈಲ್ಸು ಬಣ್ಣಗಳಿಗೆ ಬಳಸುವಂಥದ್ದು. ಕಿವಿಯ ಮೇಲಿನ ಕೆಂಪು ಪೆನ್ಸಿಲ್ ಕೈಗೆ ಬಂತು. ಒಂದು, ಬಿಸಿ ಹೆಚ್ಚು. ಎರಡು, ಎಣ್ಣೆ ಬೇರೆ, ಸೂರ್ಯಕಾಂತಿ ಎಣ್ಣೆ ಆಗಬೇಕು. ಮೂರು, ಈರುಳ್ಳಿ ದಪ್ಪವಾಗಿದೆ. ನಾಲ್ಕು, ಬೀನ್ಸ್ ಬೆಂದದ್ದು ಸರಿ ಇದೆ. ಕೊನೆಗೆ ಕೆಳಗಿನ ಚೌಕದಲ್ಲಿ ಸಿ ಎಂದು ಬರೆದು ಸಹಿ ಹಾಕಿ ನನ್ನ ಕೈಗೆ ಕೊಟ್ಟರು.

ನನಗೆ ಕಣ್ಣು ಕತ್ತಲೆಯಾಯಿತು. ಎಂತ ಬರೆದಿದ್ದಾರೆ ಎಂದು ಹೆಂಡತಿ ಕೇಳಿದಳು. ಸರಿಯಾಗಿಲ್ಲ, ತಿದ್ದಿ ಮತ್ತೆ ತರಬೇಕಂತೆ ಎಂದೆ. ಅವಳಿಗೆ ಮಾತ್ರ ಏನೂ ಆಗಲಿಲ್ಲ. ಅವಳು ನನ್ನ ಹಾಗೆ ಆ ಆಫೀಸಿನಲ್ಲಿ ಎಂಟು ವರ್ಷ ಹೆದರಿದವಳಲ್ಲ. ಸ್ವೆಟರಿನ ತೋಳು ಮೇಲಕ್ಕೆಳೆದು, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ನೇರ ಸಾಹೇಬರನ್ನೇ ಕೇಳಿದಳು.

"ಮತ್ತೆ ತರುವುದು ಯಾವಾಗ ಸರ್?"

ಹದಿನಾಲ್ಕು ದಿನದೊಳಗೆ, ನಿಯಮ ಇರುವುದು ಹಾಗೆ ಎಂದರು ಸಾಹೇಬರು.

"ನನಗೆ ಇರುವುದು ಒಂಬತ್ತು ದಿನ ಸರ್. ಆಮೇಲೆ ನಾನು ಊರಿಗೆ ಹೋಗಬೇಕು."

ಸಾಹೇಬರು ಪೆನ್ಸಿಲ್ ಕೆಳಗಿಟ್ಟರು. ಇದು ಅವರಿಗೆ ಹೊಸ ತೊಂದರೆ. ಕೆಲಸ ಅರ್ಧಕ್ಕೆ ಬಿಟ್ಟು ಕಂಟ್ರಾಕ್ಟರು ಸೈಟಿನಿಂದ ಹೋಗುವುದನ್ನು ಅವರು ಎಂದೂ ಬಿಟ್ಟವರಲ್ಲ. ಒಮ್ಮೆ ಬೋಗುಣಿ ನೋಡಿದರು, ಒಮ್ಮೆ ಫಾರಂ ನೋಡಿದರು, ಒಮ್ಮೆ ನನ್ನ ಹೆಂಡತಿಯ ಸ್ವೆಟರ್ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಸಿ ಬಂದ ಮೇಲೆ ತಿದ್ದಿ ಕೊಡುವ ತನಕ ಯಾರೂ ಸೈಟ್ ಬಿಡುವ ಹಾಗಿಲ್ಲ, ಇಷ್ಟು ವರ್ಷ ಕೆಲಸ ಮಾಡಿದ ನಿನಗೆ ಇದು ಗೊತ್ತಿಲ್ಲವೇ ಎಂದು ಗದರಿದರು. ಗೊತ್ತು ಸರ್ ಅಂದೆ. ಹಾಗಾದರೆ ಆ ಕಾಗದ ಎಲ್ಲಿದೆ ಎಂದರು.

ಅದು ಅವರ ಟ್ರೇಯ ತಳದಲ್ಲಿತ್ತು. ಆದರೆ ನನ್ನ ಕೆಲಸವೇ ಮೂರು ಕಾಪಿ ಇಡುವುದು. ಕಪಾಟಿನಿಂದ ಒಂದು ಕಾಪಿ ತಂದು ಮೇಜಿನ ಮೇಲಿಟ್ಟೆ. ಸಾಹೇಬರು ಸಹಿ ಹಾಕಿದರು. ನಾನು ಕೈ ಚಾಚುವ ಮೊದಲೇ ಹೆಂಡತಿ ಕಾಗದವನ್ನು ತಾನೇ ತೆಗೆದುಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ಅವಳು ಅತ್ತದ್ದು ಕೇಳಿಸಿತು. ನಾನು ಹೊರಗೆ ಸಾಹೇಬರಿಗೆ ಮೀನು ಬಡಿಸುತ್ತಾ ಅತ್ತೆ. ಮೀನಿನ ಖಾರಕ್ಕೆ ಅವರ ಕಣ್ಣಲ್ಲೂ ನೀರು ಬಂದದ್ದರಿಂದ ನನ್ನದು ಗೊತ್ತಾಗಲಿಲ್ಲ.

ಹನ್ನೆರಡು ದಿನ ಬಿಟ್ಟು ಎರಡನೇ ಸಲಾಡು ಹೋಯಿತು. ಸೂರ್ಯಕಾಂತಿ ಎಣ್ಣೆ, ತಣ್ಣಗಿನ ಬೀನ್ಸು, ಎಲ್ಲ ಸರಿ. ಆದರೆ ಈರುಳ್ಳಿ ಮಾತ್ರ ಬೆರಳಿನ ದಪ್ಪ. ಏನಿದು ಎಂದು ಕೇಳಿದೆ. ಎ ಸಿಕ್ಕಿದರೆ ಕೆಲಸ ಮುಗಿಯಿತು, ಹೊರಡಿ ಅಂತ ಹೇಳಿದರೆ ಎಂತ ಮಾಡುದು ಎಂದಳು. ಸಾಹೇಬರು ಈರುಳ್ಳಿ ದಪ್ಪ, ಸಿ ಎಂದು ಬರೆದು ಕಳಿಸಿದರು. ಅಲ್ಲಿಂದ ಮುಂದೆ ಅದೇ ಕ್ರಮವಾಯಿತು. ಫ್ಯಾಮಿಲಿ ವೀಸಾ ಪ್ರತಿ ವರ್ಷ ನವೀಕರಿಸಬೇಕು, ಅದಕ್ಕೆ ಪ್ರತಿ ವರ್ಷ ಸಾಹೇಬರ ಸಹಿ ಬೇಕು. ಆ ವಾರ ಅವಳು ಸಲಾಡು ಮಾಡಿ, ಈರುಳ್ಳಿಯನ್ನು ದಪ್ಪಗೆ ಹೆಚ್ಚಿ ಹಾಕಿ, ಡಬ್ಬದಲ್ಲಿ ಕೊಟ್ಟು ಕಳಿಸುವಳು. ಡಬ್ಬದ ಜೊತೆಗೆ ನನ್ನ ಕಾಗದ. ಸಂಜೆ ಖಾಲಿ ಡಬ್ಬ, ಸಹಿ ಬಿದ್ದ ಕಾಗದ ಮತ್ತು ಕೆಂಪು ಪೆನ್ಸಿಲಿನ ಸಿ ಮೂರೂ ವಾಪಸು ಬರುತ್ತಿದ್ದವು. ಅಷ್ಟು ಚಾಣಾಕ್ಷ ಎಂಜಿನಿಯರನ್ನು ಒಂದು ಈರುಳ್ಳಿಯಲ್ಲಿ ಮೋಸ ಮಾಡುತ್ತಿದ್ದೇವಲ್ಲ ಎಂದು ನಮಗೆ ಒಳಗೊಳಗೇ ಜಂಬ, ಸ್ವಲ್ಪ ಹೆದರಿಕೆ.

ನಾಲ್ಕನೆಯ ವರ್ಷ ಅವಳು ಆರು ತಿಂಗಳ ಬಸುರಿ. ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಗಡಿಬಿಡಿಯಲ್ಲಿ ಸಲಾಡು ಬೆರೆಸಿ ಡಬ್ಬ ಕೊಟ್ಟಳು. ಸಂಜೆ ಖಾಲಿ ಡಬ್ಬ ಬಂತು, ಸಹಿ ಬಂತು. ಕೆಂಪು ಪೆನ್ಸಿಲಿನಲ್ಲಿ ಎಂದಿನ ಹಾಗೆ ಈರುಳ್ಳಿ ದಪ್ಪ, ಸಿ ಎಂದು ಬರೆದಿತ್ತು. ನಾನು ನಗುತ್ತಾ ಅದನ್ನು ಅವಳಿಗೆ ಓದಿ ಹೇಳಿದೆ. ಅವಳು ನಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ಕಪಾಟಿನ ಹತ್ತಿರ ನಿಂತು, ಹೆಚ್ಚಿಟ್ಟ ಈರುಳ್ಳಿಯ ತಟ್ಟೆಯನ್ನು ಹಾಗೇ ಎತ್ತಿಕೊಂಡು ಬಂದಳು.

"ಇವತ್ತು ನಾನು ಈರುಳ್ಳಿ ಹಾಕಲೇ ಇಲ್ಲ ಮಾರಾಯ್ರೆ" ಎಂದಳು.